ಚೌಕದಿಂದ ದುಂಡಿಗೆ ಹೋಗುವ ದಾರಿಯಲ್ಲಿ ಎಂಟು

ಮೊನ್ನೆ ಮನೆ ಕಟ್ಟಿಸುತ್ತಿರುವ ದಂಪತಿ ನಮ್ಮ ಆಫೀಸಿಗೆ ಬಂದಿದ್ದರು. ಪ್ಲಾನ್ ಎಲ್ಲ ಒಪ್ಪಿಗೆಯಾಗಿತ್ತು. ಯಜಮಾನರದ್ದು ಒಂದೇ ಆಸೆ. 6 ಅಡಿ ಚೌಕದ ದೇವರ ಕೋಣೆಯನ್ನು ಎಂಟು ಮೂಲೆ ಮಾಡಿಕೊಡಬೇಕು. "ಸರ್, ಎಂಟರಲ್ಲಿ ಏನೋ ಶಕ್ತಿ ಇದೆಯಂತೆ. ಎಲ್ಲ ಧರ್ಮದಲ್ಲೂ ಇದೆ ನೋಡಿ" ಎಂದು ಫೋನಿಗೆ ಬಂದ ಮೆಸೇಜ್ ತೋರಿಸಿದರು.

ಪಟ್ಟಿಯೇನೋ ಸರಿಯಾಗೇ ಇತ್ತು. ನಮ್ಮಲ್ಲಿ ಅಷ್ಟದಿಕ್ಕು, ಅಷ್ಟದಳ ಪದ್ಮ. ಬೌದ್ಧರಲ್ಲಿ ಅಷ್ಟಾಂಗ ಮಾರ್ಗ. ಮುಸ್ಲಿಮರಲ್ಲಿ ಸ್ವರ್ಗಕ್ಕೆ ಎಂಟು ಬಾಗಿಲು. ಕ್ರೈಸ್ತರಲ್ಲಿ ಎಂಟನೇ ದಿನ. ಆದರೆ ಹಳೇ ಕಟ್ಟಡಗಳ ದುರಸ್ತಿಯಲ್ಲೇ ಇಷ್ಟು ವರ್ಷ ಕಳೆದ ನನಗೆ ಅನುಮಾನ ಬೇರೆ ಕಡೆ ಹೋಗುತ್ತದೆ. ಕಲ್ಲು ಕೆತ್ತುವವನ ಕಡೆಗೆ.

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಒಮ್ಮೆ ಲಿಂಗ ಕೆತ್ತುವುದನ್ನು ನೋಡುತ್ತಾ ಕೂತಿದ್ದೆ. ಎದುರಿಗೆ ಚೌಕದ ಕಲ್ಲುಕಂಬ. ಅದನ್ನು ದುಂಡಗೆ ಮಾಡಬೇಕು. ನೇರವಾಗಿ ದುಂಡಗೆ ಕೆತ್ತಲು ಆಗುವುದಿಲ್ಲ. ಶಿಲ್ಪಿ ಚೌಕದ ಒಂದು ಮೂಲೆಯಿಂದ ನಡುಮಧ್ಯಕ್ಕೆ ದಾರ ಹಿಡಿದರು. ಅದೇ ಅಳತೆಯನ್ನು ಮೂಲೆಯಿಂದ ಅಂಚಿನ ಮೇಲೆ ತಿರುಗಿಸಿ ಗುರುತು ಹಾಕಿದರು. ನಾಲ್ಕೂ ಮೂಲೆಯಿಂದ ಹೀಗೇ. ಒಟ್ಟು ಎಂಟು ಗುರುತು. ಗುರುತು ಸೇರಿಸಿ ಮೂಲೆ ಹೊಡೆದರೆ ಸರಿಸಮನಾದ ಎಂಟು ಮುಖ. 10 ಇಂಚಿನ ಚೌಕವಾದರೆ ಪ್ರತಿ ಮೂಲೆಯಿಂದ ಹೆಚ್ಚುಕಡಿಮೆ 3 ಇಂಚು ಹೋಗುತ್ತದೆ. ಕಾಗದ, ಕ್ಯಾಲ್ಕುಲೇಟರ್ ಏನೂ ಇಲ್ಲ. ಆಮೇಲೆ ಎಂಟನ್ನು ಹದಿನಾರು, ಹದಿನಾರನ್ನು ಮೂವತ್ತೆರಡು ಮಾಡಿ ಉಜ್ಜಿದರೆ ದುಂಡು. ಮರದ ಕಂಬ ಮಾಡುವ ಬಡಗಿಯೂ ಮಾಡುವುದು ಇದನ್ನೇ.

ಲಿಂಗದಲ್ಲಿ ಈ ಮೂರು ಹಂತವೂ ಹಾಗೇ ಉಳಿದುಕೊಳ್ಳುತ್ತವೆ. ಬುಡ ಚೌಕ, ಅದು ಬ್ರಹ್ಮಭಾಗ. ನಡುವೆ ಎಂಟು ಮುಖದ ವಿಷ್ಣುಭಾಗ. ಮೇಲೆ ದುಂಡಗಿನ ರುದ್ರಭಾಗ. ನಾವು ಹಾಲೆರೆಯುವಾಗ ಕಾಣುವುದು ಮೇಲಿನದು ಮಾತ್ರ, ಉಳಿದೆರಡು ಪೀಠದೊಳಗೆ, ನೆಲದೊಳಗೆ ಅಡಗಿರುತ್ತವೆ. ಆಗಮ ಓದಿದವರಿಗೆ ಇದು ತ್ರಿಮೂರ್ತಿ ತತ್ವ. ನನ್ನಂಥವನಿಗೆ ಕೆತ್ತನೆಯ ಮೂರು ಹಂತವೂ ಹೌದು. ಎರಡಕ್ಕೂ ಜಗಳವಿಲ್ಲ ಅಲ್ವಾ?

ಈಗ ತಲೆಯೆತ್ತಿ ಹೊಯ್ಸಳರ ಗುಡಿಯ ನವರಂಗದ ಭುವನೇಶ್ವರಿ, ಅಂದರೆ ನಡುಮಂಟಪದ ಕೆತ್ತನೆಯ ಚಾವಣಿ, ನೋಡಿ. ಕೆಳಗೆ ನಾಲ್ಕು ಕಂಬದ ಚೌಕ. ನಾಲ್ಕು ಮೂಲೆಗೂ ಅಡ್ಡಗಲ್ಲು ಇಟ್ಟರೆ ಎಂಟು ಮುಖ. ಅದರ ಮೇಲೆ ದುಂಡು ಸುತ್ತುಗಳು. ಕೆಲವು ಗುಡಿಗಳಲ್ಲಿ ಆ ಎಂಟು ಮುಖಗಳಲ್ಲಿ ಅಷ್ಟದಿಕ್ಪಾಲಕರು ಕೂತಿದ್ದಾರೆ. ಮೂಲೆ ಮುಚ್ಚಲು ಇಟ್ಟ ಕಲ್ಲಿನಿಂದ ಎಂಟು ಜಾಗ ಹುಟ್ಟಿತು, ಎಂಟು ದೇವರು ಆಗಲೇ ಕಾದಿದ್ದರು.

ವಿಜಯಪುರದ ಗೋಲಗುಮ್ಮಟದಲ್ಲೂ ಸಮಸ್ಯೆ ಅದೇ, ಅಳತೆ ಮಾತ್ರ ಭಾರೀ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಒಳಗಿನ ಚೌಕ ಒಂದೊಂದು ಬದಿಗೂ ಸುಮಾರು 41 ಮೀಟರ್. ಅದರ ಮೇಲೆ ದುಂಡು ಗುಮ್ಮಟ ಕೂರಬೇಕು, ನಡುವೆ ಒಂದೂ ಕಂಬವಿಲ್ಲ. ಅವರು ಒಂದು ಚೌಕದ ಮೇಲೆ ಇನ್ನೊಂದನ್ನು ತಿರುಗಿಸಿಟ್ಟ ಹಾಗೆ ಎಂಟು ಕಮಾನುಗಳನ್ನು ಒಂದಕ್ಕೊಂದು ಹೆಣೆದರು. ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಾಡುವ ಮೊದಲು ಕೆಳಗೆ ನಿಂತು ಮೇಲೆ ನೋಡಿ. ಎಂಟು ಮೂಲೆಯ ನಕ್ಷತ್ರ ಬಿಚ್ಚಿಕೊಳ್ಳುತ್ತದೆ. ಮುದ್ರಿತ ಕುರ್‌ಆನ್‌ ಪುಟಗಳಲ್ಲಿ ಪಾಠದ ಭಾಗಗಳನ್ನು ಗುರುತಿಸಲು ಹಾಕುವ ಚಿಹ್ನೆಯೂ ಹೀಗೇ ಎರಡು ಚೌಕ ಹೆಣೆದದ್ದು.

ಸೋಮನಾಥಪುರದಲ್ಲಿ ಇದು ತಿರುವುಮುರುವು. ಗರ್ಭಗುಡಿ ಒಳಗೆ ಚೌಕವಾಗೇ ಇದೆ. ನಾಲ್ಕು ಚೌಕ ತಿರುಗಿಸಿದಂತೆ ಹೊರಗೋಡೆಯೇ ಹದಿನಾರು ಮೂಲೆಯ ನಕ್ಷತ್ರವಾಗಿದೆ.

ರೋಮಿನ ಲ್ಯಾಟೆರನ್ ದೀಕ್ಷಾಸ್ನಾನದ ಮಂದಿರಕ್ಕೆ 5ನೇ ಶತಮಾನದಲ್ಲೇ ಎಂಟು ಮುಖ ಬಂತು. ಯಹೂದಿಗಳ ಸಬ್ಬತ್ ವಾರದ ಏಳನೇ ದಿನ. ಅದರ ಮರುದಿನ ಯೇಸು ಎದ್ದುಬಂದದ್ದು, ಹಾಗಾಗಿ ಎಂಟು ಎಂದರೆ ಹೊಸ ಹುಟ್ಟು. ಈ ಅರ್ಥ ಕಲ್ಲಿನಿಂದ ಬಂದದ್ದಲ್ಲ, ವಾರದ ಲೆಕ್ಕದಿಂದ ಬಂದದ್ದು. ಜೆರುಸಲೇಮಿನಲ್ಲಿ ಮುಸ್ಲಿಮರು ಕಟ್ಟಿದ ಬಂಡೆಯ ಗುಮ್ಮಟ (ಡೋಮ್ ಆಫ್ ದ ರಾಕ್) 691-92ರದು, ಅದೂ ಎಂಟು ಮುಖ. ಆ ಊರಿನ ಹತ್ತಿರವೇ ಅದಕ್ಕೂ ಹಿಂದಿನ ಎಂಟು ಮುಖದ ಚರ್ಚಿನ ಅಡಿಪಾಯ ಸಿಕ್ಕಿದೆ. ಅಂದರೆ ಕಥೆ ಒಬ್ಬೊಬ್ಬರದು ಒಂದೊಂದು, ಕಟ್ಟುವವರ ಲೆಕ್ಕ ಮಾತ್ರ ಊರಿಂದ ಊರಿಗೆ, ಧರ್ಮದಿಂದ ಧರ್ಮಕ್ಕೆ ಓಡಾಡಿದೆ.

ಅದಕ್ಕೇ 'ಈ ಆಕಾರಕ್ಕೆ ಇದೇ ಅರ್ಥ' ಎನ್ನುವ ಮೆಸೇಜ್ ಬಂದರೆ ನನಗೆ ರೇಗುತ್ತದೆ. ದುಂಡು ಎಂದರೆ ಆಕಾಶ, ಚೌಕ ಎಂದರೆ ಭೂಮಿ ಅಂತ ಸುಮ್ನೆ ಹೇಳಿಬಿಡುತ್ತಾರೆ. ಚೀನೀಯರಿಗೆ ಅದು ಸರಿ. ಬೀಜಿಂಗಿನಲ್ಲಿ ಸ್ವರ್ಗದ ಬಲಿಪೀಠ ದುಂಡಗಿದೆ, ಭೂಮಿಯದು ಚೌಕ. ವೈದಿಕ ಯಜ್ಞದಲ್ಲಿ ತದ್ವಿರುದ್ಧ. ಗಾರ್ಹಪತ್ಯ ಕುಂಡ ದುಂಡು, ಅದು ಈ ಲೋಕ. ಆಹವನೀಯ ಚೌಕ, ಅದು ಸ್ವರ್ಗ. ಎರಡರ ವಿಸ್ತೀರ್ಣ ಒಂದೇ ಇರಬೇಕೆಂದು ನಿಯಮ. ಆ ಹಟದಿಂದಲೇ ಯಜ್ಞವೇದಿಯ ಅಳತೆ ಹೇಳುವ ಶುಲ್ಬಸೂತ್ರದವರು ಚೌಕವನ್ನು ಅಷ್ಟೇ ವಿಸ್ತೀರ್ಣದ ದುಂಡು ಮಾಡುವ ಲೆಕ್ಕ ಬರೆದಿಟ್ಟರು. ದೆಹಲಿಯ ಹುಮಾಯೂನ್ ಗೋರಿಯ ಮೇಲಿನ ಆರು ಮೂಲೆಯ ನಕ್ಷತ್ರ ನೋಡಿ "ಇಲ್ಲಿಗೆ ಯಹೂದಿಗಳು ಯಾವಾಗ ಬಂದರು?" ಎಂದು ಕೇಳಿದವರೂ ಇದ್ದಾರೆ. ಅದೇ ಆಕಾರ ನಮ್ಮ ಪೂಜೆಯ ಯಂತ್ರಗಳಲ್ಲಿ ಷಟ್ಕೋನ.

ಇಷ್ಟೆಲ್ಲ ಹೇಳಿ ಯಜಮಾನರ ಮುಂದೆ ಹಾಳೆ ಇಟ್ಟು ಗೆರೆ ಎಳೆದೆ. 6 ಅಡಿಯ ಚೌಕ. ಮೂಲೆ ಹೊಡೆದರೆ ಪ್ರತಿ ಮುಖ ಎರಡೂವರೆ ಅಡಿ. ಬಾಗಿಲ ಚೌಕಟ್ಟಿಗೇ ಅದು ಮುಗಿಯಿತು. ಅವರ ಹೆಂಡತಿ ಅಲ್ಲಿಯವರೆಗೂ ಸುಮ್ಮನಿದ್ದರು. ಹಾಳೆ ತಮ್ಮ ಕಡೆ ಎಳೆದುಕೊಂಡು, ಕತ್ತರಿಸಿದ ತ್ರಿಕೋನದ ಮೇಲೆ ಬೆರಳಿಟ್ಟು, "ಎಣ್ಣೆ, ಬತ್ತಿ, ಕರ್ಪೂರದ ಡಬ್ಬ ಇಲ್ಲಿಡಬಹುದಲ್ವಾ?" ಎಂದರು. ಎರಡು ಮೂಲೆಗೆ ಕಪಾಟು ಬರೆದುಕೊಟ್ಟೆ. ಬಾಗಿಲ ಕಡೆಯ ಎರಡು ಮೂಲೆ ಚೌಕವಾಗೇ ಉಳಿದವು. ಒಟ್ಟು ಆರು ಮೂಲೆಯಾಯಿತು. ಯಜಮಾನರು ಎಣಿಸಿ ನೋಡಿ, ಆರಕ್ಕೇನಾದರೂ ಇದೆಯಾ ಅಂತ ಫೋನ್ ತೆಗೆದರು.