ಅಟ್ಟದ ಮೇಲಿರುವುದು ಕೊಬ್ಬರಿಯೋ, ರಾಗಿಯೋ?

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ ಎರಡು ರೂಮಿನ ಮನೆ. ಎಲ್ಲ ಸಜ್ಜಾಗಳೂ ತುಂಬಿವೆ, ಮಂಚದ ಕೆಳಗೂ ಜಾಗ ಇಲ್ಲ. ಏನಾದರೂ ಬಿಸಾಕೋಣ ಅಂದರೆ ಅತ್ತೆ "ಇರಲಿ ಬಿಡಮ್ಮ, ಮುಂದೆ ಬೇಕಾಗುತ್ತೆ" ಅಂತಾರೆ. ಜಗಳ ಆಗದ ಹಾಗೆ ಖಾಲಿ ಮಾಡೋದು ಹೇಗೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನಿಮ್ಮ ಅತ್ತೆಯ ಪರವಾಗಿ ಎರಡು ಮಾತು ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಎತ್ತಿಡುವುದು ದುರಾಸೆಯಿಂದ ಬಂದ ಅಭ್ಯಾಸ ಅಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ಗೊತ್ತು, ಮಳೆ ಕೈಕೊಟ್ಟ ವರ್ಷ ಎತ್ತಿಟ್ಟದ್ದೇ ಊಟ. ಅದಕ್ಕೇ ಹಿಂದೆ ಹಳ್ಳಿಗಳಲ್ಲಿ ಹಗೇವು ಇರುತ್ತಿದ್ದವು. ನೆಲದೊಳಗೆ ಆಳವಾದ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳ ಬೀಳುವುದು ಕಡಿಮೆ. ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ತೆಗೆಯುವಾಗ ಮಾತ್ರ ಹುಷಾರು ಬೇಕು. ಬಾಯಿ ತೆರೆದು ಗಾಳಿ ಆಡಲು ಬಿಟ್ಟು, ಆಮೇಲೆ ಹಗ್ಗ ಕಟ್ಟಿ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ.

ಅಟ್ಟದ ಕಥೆ ಬೇರೆ. ತಿಪಟೂರು, ತುರುವೇಕೆರೆ ಕಡೆ ತೋಟದ ಮನೆಗೆ ಹೋಗಿ ನೋಡಿ. ಚೆನ್ನಾಗಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಎಂಟು, ಹತ್ತು ತಿಂಗಳು ಅದು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನಕ್ಕೆ ಆರುತ್ತದೆ, ತಿರುಳು ಚಿಪ್ಪು ಬಿಡುತ್ತದೆ. ಕಾಯಿ ಕೈಗೆ ತಗೊಂಡು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆಗ ಇಳಿಸಿ, ಸುಲಿದು, ಚಿಪ್ಪು ಒಡೆದರೆ ದುಂಡನೆಯ ಗಿಟುಕು ಕೊಬ್ಬರಿ. ಇಳಿಸದೆ ಮರೆತರೆ ಕಮಟು ಹಿಡಿಯುತ್ತದೆ, ಹುಳ ಬೀಳುತ್ತದೆ. ಅಂದರೆ ಅಟ್ಟಕ್ಕೆ ಹತ್ತಿದ್ದು ವರ್ಷದೊಳಗೆ ಇಳಿಯಲೇಬೇಕು.

ನಮ್ಮ ಸಿಟಿ ಮನೆಗಳ ತೊಂದರೆ ಇಲ್ಲೇ ಇದೆ. ಸಜ್ಜಾವನ್ನು ಅಟ್ಟ ಅಂತ ಕರೆದು, ಹಗೇವಿನ ಹಾಗೆ ತುಂಬುತ್ತೇವೆ. ಮೇಲೆ ಹೋದದ್ದು ಇಳಿಯುವುದೇ ಇಲ್ಲ.

ಹಾಗಾಗಿ ಅತ್ತೆಯವರಿಗೆ "ಇದನ್ನು ಬಿಸಾಕಲಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಯಾವಾಗಲೂ "ಬೇಡ" ಅಂತಲೇ ಉತ್ತರ ಬರುತ್ತದೆ. "ಇದು ಕೊಬ್ಬರಿನಾ, ರಾಗಿನಾ?" ಅಂತ ಕೇಳಿ. ವರ್ಷದಲ್ಲಿ ಒಂದು ಸಲವಾದರೂ ಕೆಳಗಿಳಿಯುವ ಸಾಮಾನು ಕೊಬ್ಬರಿ. ದಸರಾ ಗೊಂಬೆಗಳ ಪೆಟ್ಟಿಗೆ, ಉಪ್ಪಿನಕಾಯಿ ಜಾಡಿ, ಹಬ್ಬದ ದೊಡ್ಡ ಪಾತ್ರೆ, ಚಳಿಗಾಲದ ರಗ್ಗು, ಸ್ವೆಟರು, ಇವೆಲ್ಲ ಆ ಲೆಕ್ಕ. ಕಷ್ಟಕಾಲಕ್ಕೆ ನಿಜವಾಗಿ ಕೈ ಹಿಡಿಯುವಂಥದ್ದು ರಾಗಿ. ಮನೆ ಪತ್ರ, ಮಾರ್ಕ್ಸ್ ಕಾರ್ಡು, ನೀರಿನ ಡ್ರಮ್ಮು. ಡ್ರಮ್ಮು ಯಾಕೆ ಅಂತ ತುಮಕೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ. ಜಾಗ ಹಿಡಿಯುತ್ತೆ ಅಂತ ಡ್ರಮ್ಮು, ಬಿಂದಿಗೆ ಕೊಟ್ಟುಬಿಟ್ಟು ಬೇಸಿಗೆಯಲ್ಲಿ ಮತ್ತೆ ದುಡ್ಡು ಕೊಟ್ಟು ತಂದವರನ್ನು ನೋಡಿದ್ದೇನೆ.

ನಾನು ಇದನ್ನು ಮೊದಲು ಮಾಡಿದ್ದು ನಮ್ಮಮ್ಮನ ಜೊತೆ. ಅಮ್ಮನನ್ನು ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ತಮ್ಮ ಏಣಿ ಹಿಡಿದುಕೊಂಡ, ನಾನು ಹತ್ತಿದೆ. ಒಂದೊಂದೇ ಇಳಿಸಿ ಅಮ್ಮನ ಮುಂದೆ ಇಟ್ಟೆವು. ಮಿಕ್ಸಿಯ ಖಾಲಿ ಡಬ್ಬ, ಒಳಗೆ ಥರ್ಮೋಕೋಲು. ಮಿಕ್ಸಿ ಕೆಟ್ಟು ಗುಜರಿಗೆ ಹೋಗಿ ಆರು ವರ್ಷ ಆಗಿತ್ತು. ಅಮ್ಮ ತಾವೇ "ಇದೆರಡೂ ಅಲ್ಲ, ಆ ಕಡೆ ಇಡು" ಅಂದರು. ಹಿಡಿ ಮುರಿದ ಕುಕ್ಕರು, ಆ ಕಡೆ. ಮದುವೆಗಳಲ್ಲಿ ಕೊಟ್ಟ ಪ್ಲಾಸ್ಟಿಕ್ ಬುಟ್ಟಿಗಳು, ಆ ಕಡೆ. ಪ್ರಶ್ನೆ ಬದಲಾದ ತಕ್ಷಣ ಅಮ್ಮ ಕಾವಲುಗಾರ್ತಿ ಆಗಿರಲಿಲ್ಲ, ನ್ಯಾಯ ಹೇಳುವವರಾಗಿದ್ದರು.

ಆಮೇಲೆ ಒಂದು ಸಣ್ಣ ತಗಡಿನ ಡಬ್ಬ ಸಿಕ್ಕಿತು. ಒಳಗೆ ಅಪ್ಪನ ಎಚ್‌ಎಂಟಿ ವಾಚು. ಪಟ್ಟಿ ಕಿತ್ತುಹೋಗಿತ್ತು, ಗಾಜಿನ ಮೇಲೆ ಒಂದು ಗೀರು. ನಮ್ಮೂರಿನಲ್ಲೇ ಆ ಕಂಪನಿಯ ಕಾರ್ಖಾನೆ ಇತ್ತು. 2016ರಲ್ಲಿ ಮುಚ್ಚಿತು. "ಇದು ಕೊಬ್ಬರಿನಾ ರಾಗಿನಾ ಅಮ್ಮಾ?" ಅಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎರಡೂ ಅಲ್ಲ ಕಣೇ. ಆದ್ರೆ ಆ ಕಡೆ ಇಡಬೇಡ" ಅಂದರು. ಕೀ ತಿರುಗಿಸಿದೆ, ಓಡಿತು.

ಇಂಥ ಸಾಮಾನು ಎಲ್ಲ ಮನೆಯಲ್ಲೂ ಇರುತ್ತದೆ. ಇದಕ್ಕೆ ಲೆಕ್ಕ ಕೇಳಬಾರದು. ಒಂದು ಟ್ರಂಕು ಪೂರ್ತಿ ಅತ್ತೆಯವರ ಹೆಸರಿಗೆ ಬಿಟ್ಟುಬಿಡಿ. ಅದರಲ್ಲಿ ಏನಿಡಬೇಕು ಅಂತ ಅವರೇ ಹೇಳಲಿ, ನೀವು ಮುಟ್ಟಬೇಡಿ. ಟ್ರಂಕು ಒಂದೇ, ಅಷ್ಟೇ. ತುಂಬಿದ ಮೇಲೆ ಹೊಸದು ಇಡಬೇಕಾದರೆ ಹಳೆಯದೊಂದನ್ನು ಅವರೇ ತೆಗೆಯುತ್ತಾರೆ. ನಿಮಗೂ ಹಾಗೇ ಒಂದು ಇರಲಿ. ಸೊಸೆಗೆ ತವರಿನ ನೆನಪು ಇರಲ್ವಾ?

ಎಲ್ಲಿಂದ ಶುರು ಅಂತ ಕೇಳಿದ್ದೀರಿ. ಒಂದೇ ಸಜ್ಜಾ, ಒಂದೇ ಬೆಳಗ್ಗೆ. ಇಡೀ ಮನೆ ಒಂದೇ ದಿನ ಕೆಳಗಿಳಿಸಿದರೆ ಸಂಜೆಗೆ ಸುಸ್ತಾಗಿ ಎಲ್ಲವನ್ನೂ ಹಾಗೇ ಮೇಲಕ್ಕೆ ತುರುಕುತ್ತೀರಿ. ಅಡುಗೆಮನೆ ಸಜ್ಜಾ ಒಳ್ಳೆಯದು, ಅಲ್ಲಿ ನೆನಪಿನ ಸಾಮಾನು ಕಡಿಮೆ. ಫೋಟೋ, ಬಟ್ಟೆ, ಕಾಗದ ಇರುವ ಜಾಗ ಕೊನೆಗೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕತ್ತಲ ಮೂಲೆಗೆ ಬರಿಗೈ ಹಾಕಬೇಡಿ, ಚೇಳು ಇರಬಹುದು. ಒಬ್ಬರೇ ಸ್ಟೂಲು ಹತ್ತಲೇಬೇಡಿ.

ವಾಪಸ್ ಇಡುವಾಗ ರಟ್ಟಿನ ಡಬ್ಬ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ಗೆದ್ದಲಿಗೆ ರಟ್ಟೇ ಊಟ, ಜಿರಳೆಗೆ ಅದರ ಅಂಟೂ ಊಟ. ನಮ್ಮನೆ ಮದುವೆ ಆಲ್ಬಂ ರಟ್ಟಿನ ಡಬ್ಬದಲ್ಲಿತ್ತು. ಹೊರಗಿನಿಂದ ಡಬ್ಬ ಸರಿಯಾಗೇ ಕಾಣುತ್ತಿತ್ತು. ಎತ್ತಿದಾಗ ತಳ ಅಲ್ಲೇ ಉಳಿಯಿತು, ಆಲ್ಬಮ್ಮಿನ ಅರ್ಧ ಹಾಳೆಗಳು ಮಣ್ಣಾಗಿದ್ದವು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಅಥವಾ ಕಬ್ಬಿಣದ ಟ್ರಂಕು ಬಳಸಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಹಳೇ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ. ಇಲ್ಲದಿದ್ದರೆ ಮಡಿಕೆಯ ಮೇಲೇ ಜರಿ ಸೀಳುತ್ತದೆ. ಮನೆ ಪತ್ರಗಳು ಸಜ್ಜಾ ಮೇಲೆ ಇರಲೇಬಾರದು. ಬೀರುವಿನಲ್ಲಿ, ಒಂದೇ ಫೈಲಿನಲ್ಲಿ ಇರಲಿ, ಎಲ್ಲಿದೆ ಅಂತ ಮನೆಯ ಇಬ್ಬರಿಗಾದರೂ ಗೊತ್ತಿರಲಿ.

ಪ್ರತಿ ಡಬ್ಬದ ಮುಂದೆ ಒಂದು ಚೀಟಿ ಅಂಟಿಸಿ. ಒಳಗೆ ಏನಿದೆ, ಯಾವ ತಿಂಗಳು ಮೇಲೆ ಹೋಯಿತು, ಎರಡೇ ಸಾಲು. ಯುಗಾದಿಗೆ ಹೇಗೂ ಧೂಳು ಹೊಡೆಯುತ್ತೀರಲ್ಲ, ಆಗ ಚೀಟಿ ಓದಿ. ಹೋದ ಯುಗಾದಿಯಿಂದ ಒಂದು ಸಲವೂ ಇಳಿಯದ ಡಬ್ಬ ಕೊಬ್ಬರಿ ಅಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ ಕಡೆ ಇಟ್ಟ ರಾಶಿ. ಅದನ್ನು ಅವತ್ತೇ ಮನೆಯಿಂದ ಕಳಿಸಿ, ರಾತ್ರಿ ಕಳೆದರೆ ಅರ್ಧ ವಾಪಸ್ ಮೇಲಕ್ಕೆ ಹೋಗುತ್ತದೆ. ಪೇಪರು, ಕಬ್ಬಿಣ, ಪ್ಲಾಸ್ಟಿಕ್ ಗುಜರಿಗೆ. ಹಿತ್ತಾಳೆ, ತಾಮ್ರ ಕೊಡುವ ಮುಂಚೆ ಪಾತ್ರೆ ಅಂಗಡಿಯಲ್ಲೂ ಒಂದು ರೇಟು ಕೇಳಿ, ಹಳೆಯದಕ್ಕೆ ಹೊಸ ಪಾತ್ರೆ ಕೊಡುವವರೂ ಇದ್ದಾರೆ. ಆದರೆ ಒಳ್ಳೆಯ ಹಿತ್ತಾಳೆ ಪಾತ್ರೆ ಇದ್ದರೆ ಕೊಡಬೇಡಿ ಅಂತಲೇ ನನ್ನ ಮಾತು. ಕಲಾಯಿ ಹಾಕಿಸಿ ಹಬ್ಬದ ಅಡುಗೆಗೆ ಇಳಿಸಿ. ಯುಪಿಎಸ್‌ನ ಹಳೇ ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್ ಇರುತ್ತದೆ, ಅದನ್ನು ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ, ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ. ಸುರುಳಿ ಸಿಎಫ್‌ಎಲ್ ಬಲ್ಬಿನೊಳಗೆ ಪಾದರಸ ಇದೆ. ಒಡೆಯದ ಹಾಗೆ ಪೇಪರಿನಲ್ಲಿ ಸುತ್ತಿ, ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಸಜ್ಜಾ ಸಾಮಾನನ್ನು ತಾರಸಿಗೆ ಸಾಗಿಸುವವರೂ ಇದ್ದಾರೆ. ದಯವಿಟ್ಟು ಅದು ಬೇಡ. ಹಳೇ ಟೈರು, ಒಡೆದ ಕುಂಡ, ತೆಂಗಿನ ಚಿಪ್ಪು, ಮುಚ್ಚಳ ಇಲ್ಲದ ಡ್ರಮ್ಮು, ಇವುಗಳಲ್ಲಿ ಮಳೆ ನೀರು ಒಂದು ವಾರ, ಹತ್ತು ದಿನ ನಿಂತರೆ ಸಾಕು, ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಒಡೆದು, ಮರಿ ಆ ನೀರಲ್ಲೇ ಬೆಳೆದು, ಸೊಳ್ಳೆಯಾಗಿ ಹಾರುತ್ತದೆ. ನಿಮ್ಮ ತಾರಸಿ ಮೇಲೆ ಇಂಥದ್ದು ಇದ್ದರೆ ಸಜ್ಜಾ ಕೆಲಸ ಮುಂದಿನ ವಾರಕ್ಕೆ ಇರಲಿ. ಮೊದಲು ಅದನ್ನು ಇಳಿಸಿ, ನೀರಿನ ಡ್ರಮ್ಮಿಗೆಲ್ಲ ಬಟ್ಟೆ ಬಿಗಿದು ಕಟ್ಟಿ.