ಬಿಸು ಹಬ್ಬಕ್ಕೂ ಭೂಮಿಯ ಅಕ್ಷದ ಓಲಾಟಕ್ಕೂ ಏನು ನಂಟು?

ಉಡುಪಿಯ ನಮ್ಮ ಮನೆಯಲ್ಲಿ ಬಿಸುವಿನ ದಿನ ಎದ್ದ ಕೂಡಲೇ ಕಣಿ ನೋಡಬೇಕು. ಬಾಳೆಎಲೆಯ ಮೇಲೆ ತೆಂಗಿನಕಾಯಿ, ಸೌತೆ, ಗೇರುಹಣ್ಣು, ನಡುವೆ ಕನ್ನಡಿ. ಬಿಸು ಎಂದರೆ ವಿಷು, ಹಗಲಿರುಳು ಸಮವಾಗುವ ದಿನ ಎಂದೇ ಅದರ ಅರ್ಥ. ಆದರೆ ಹಬ್ಬ ಬರುವುದು ಏಪ್ರಿಲ್ 14ರ ಹೊತ್ತಿಗೆ, ಹಗಲಿರುಳು ಸಮವಾಗುವುದು ಮಾರ್ಚ್ 20ರ ಆಸುಪಾಸಿನಲ್ಲಿ. ನಡುವಿನ ಈ ಮೂರೂವರೆ ವಾರ ಎಲ್ಲಿಂದ ಬಂತು ಎಂದು ಹಿಡಿದು ಹೊರಟರೆ ಅಯನಚಲನೆಯ, ಅಂದರೆ ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುತ್ತಾ ಸುತ್ತುವುದರ, ಪಾಠ ಬಹುಪಾಲು ಕೈಗೆ ಸಿಗುತ್ತದೆ.

ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕ ವೃತ್ತದ ಬಳಿ ಅದರ ವ್ಯಾಸ ಧ್ರುವದಿಂದ ಧ್ರುವಕ್ಕಿರುವುದಕ್ಕಿಂತ ಸುಮಾರು 43 ಕಿ.ಮೀ. ಹೆಚ್ಚು. ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಈ ಉಬ್ಬಿದ ನಡುವನ್ನು ಚಂದ್ರ, ಸೂರ್ಯರು ಓರೆಯಾಗಿ ಎಳೆಯುತ್ತಾರೆ. ಚಂದ್ರನ ಎಳೆತವೇ ಹೆಚ್ಚು, ಸೂರ್ಯನದರ ಸುಮಾರು ಎರಡು ಪಟ್ಟು. ತಿರುಗುತ್ತಿರುವ ವಸ್ತು ಎಳೆದ ಕಡೆಗೆ ವಾಲದೆ ಅಡ್ಡಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತಾ ಅಕ್ಷ ಒಂದು ಸುತ್ತು ಮುಗಿಸಲು ಸುಮಾರು 25,800 ವರ್ಷ ಬೇಕು.

ಇಲ್ಲಿ ಎಲ್ಲರೂ ಬುಗುರಿಯ ಉದಾಹರಣೆ ಕೊಡುತ್ತಾರೆ. ಒಳ್ಳೆಯದೇ, ಆದರೆ ಒಂದು ಕಡೆ ಅದು ದಾರಿ ತಪ್ಪಿಸುತ್ತದೆ. ಬುಗುರಿಯನ್ನು ಗುರುತ್ವ ಕೆಡವಲು ನೋಡುತ್ತದೆ. ಹಾಗಾಗಿ ಅದರ ತಲೆ ಬುಗುರಿ ತಿರುಗುವ ದಿಕ್ಕಿನಲ್ಲೇ ಸುತ್ತುತ್ತದೆ. ಭೂಮಿಯನ್ನಾದರೋ ಚಂದ್ರ, ಸೂರ್ಯರು ನೆಟ್ಟಗೆ ನಿಲ್ಲಿಸಲು ನೋಡುತ್ತಾರೆ. ಬಲ ತಿರುವುಮುರುವಾದ್ದರಿಂದ ಸುತ್ತೂ ತಿರುವುಮುರುವು. ಭೂಮಿ ಪೂರ್ವಕ್ಕೆ ತಿರುಗಿದರೆ ಅಕ್ಷದ ಓಲಾಟ ಪಶ್ಚಿಮಕ್ಕೆ. ಅದರ ಜೊತೆ ವಿಷುವದ್ಬಿಂದುವೂ (ಹಗಲಿರುಳು ಸಮವಾದಾಗ ಆಕಾಶದಲ್ಲಿ ಸೂರ್ಯ ಇರುವ ಜಾಗ) ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಜಾರುತ್ತದೆ. ಸೂರ್ಯ ಅದನ್ನು ಪ್ರತಿ ವರ್ಷ ನಕ್ಷತ್ರಗಳ ಲೆಕ್ಕಕ್ಕಿಂತ ಸುಮಾರು 20 ನಿಮಿಷ ಮೊದಲೇ ತಲುಪುತ್ತಾನೆ.

ಇಪ್ಪತ್ತು ನಿಮಿಷ ಕೂಡುತ್ತಾ ಕೂಡುತ್ತಾ ಸುಮಾರು 71 ವರ್ಷಕ್ಕೆ ಒಂದು ದಿನ. ನಮ್ಮ ಸೌರಮಾನ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಮೇಷ ಸಂಕ್ರಮಣ, ಅಂದರೆ ಸೂರ್ಯ ಮೇಷ ರಾಶಿಗೆ ಬರುವ ಬಿಸುವಿನ ಹೊತ್ತು, ಎಣಿಸುತ್ತದೆ, ಇಂಗ್ಲಿಷ್ ಕ್ಯಾಲೆಂಡರ್ ಋತುಗಳನ್ನು ಹಿಡಿದು. ಈ ಎರಡು ಎಣಿಕೆಗಳ ಆರಂಭಬಿಂದುಗಳ ನಡುವಿನ ಅಂತರವೇ ಅಯನಾಂಶ; ಪಂಚಾಂಗಗಳಲ್ಲಿ ಬಳಸುವ ಲಾಹಿರಿ ಲೆಕ್ಕದಲ್ಲಿ ಅದು ಈಗ ಸುಮಾರು 24 ಡಿಗ್ರಿ. ಡಿಗ್ರಿಗೆ 72 ವರ್ಷದಂತೆ ಹಿಂದಕ್ಕೆ ಹೋದರೆ ಕ್ರಿ.ಶ. 285ರ ಹೊತ್ತಿಗೆ ಸಂಕ್ರಮಣವೂ ಹಗಲಿರುಳು ಸಮವಾಗುವುದೂ ಒಂದೇ ದಿನ! ಮಕರ ಸಂಕ್ರಾಂತಿ ಡಿಸೆಂಬರ್ 21 ಬಿಟ್ಟು ಜನವರಿಗೆ ಬಂದದ್ದೂ ಇದೇ ಲೆಕ್ಕದಲ್ಲಿ.

ಅಕ್ಷದ ಬಾಗು 41,000 ವರ್ಷಗಳ ಆವರ್ತದಲ್ಲಿ 22.1ರಿಂದ 24.5 ಡಿಗ್ರಿಯೊಳಗೆ ಹೆಚ್ಚು ಕಡಿಮೆಯಾಗುವುದು ಬೇರೆ ಸಂಗತಿ. ಚಂದ್ರನ ಕಕ್ಷೆಯಿಂದ ಬರುವ 18.6 ವರ್ಷದ ಸಣ್ಣ ತೊನೆತವೂ ಬೇರೆ.

ಮಲ್ಪೆಯ ಮರಳಲ್ಲಿ ನಿಂತು ಉತ್ತರಕ್ಕೆ ಕೈ ಚಾಚಿ ಮುಷ್ಟಿ ಹಿಡಿಯಿರಿ. ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು: ಸುಮಾರು 13 ಡಿಗ್ರಿ, ಉಡುಪಿಯ ಅಕ್ಷಾಂಶ. ಧ್ರುವ ನಕ್ಷತ್ರ ಅಲ್ಲೇ. ಕ್ರಿ.ಪೂ. 2700ರ ಸುಮಾರಿಗೆ ಆ ಜಾಗದಲ್ಲಿ ಥೂಬನ್ ಎಂಬ ನಕ್ಷತ್ರ ಇತ್ತು. ಇನ್ನು 12,000 ವರ್ಷಕ್ಕೆ ಅಭಿಜಿತ್ (ವೇಗಾ) ನಕ್ಷತ್ರ ಆ ಜಾಗದ ಹತ್ತಿರ ಬರುತ್ತದೆ. ನಕ್ಷತ್ರ ಬದಲಾದರೂ ಮುಷ್ಟಿಯ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ಅಯನಚಲನೆ ಅಕ್ಷಾಂಶವನ್ನು ಮುಟ್ಟುವುದಿಲ್ಲ. ಅಕ್ಷಾಂಶ ಚೂರು ಅಲುಗುವುದು 1891ರಲ್ಲಿ ಅಮೆರಿಕದ ಖಗೋಳಶಾಸ್ತ್ರಜ್ಞ ಚಾಂಡ್ಲರ್ ಗುರುತಿಸಿದ, ಸುಮಾರು 433 ದಿನಗಳ ಓಲಾಟದಿಂದ. ಅಲ್ಲಿ ಧ್ರುವ ನೆಲದ ಮೇಲೆಯೇ ಕೆಲವು ಮೀಟರ್ ಸರಿಯುತ್ತದೆ. ಅಯನಚಲನೆಯನ್ನೂ ಈ ಓಲಾಟವನ್ನೂ ಒಂದೇ ಎಂದು ಬೆರೆಸಬೇಡಿ.