ಫೋಟೋ ಕಳಿಸಿದ್ದೀನಿ ಸಾ, ಏನ್ ಹೊಡೀಲಿ?

ಭತ್ತದ ನಾಟಿ ಮುಗಿದು ಮೂರ್ನಾಲ್ಕು ವಾರ ಆಗುತ್ತಿದ್ದಂತೆ, ರೈತರಿಗೆ ಬೆಳೆಯ ಸಲಹೆ ಹೇಳುವ ನನ್ನ ಫೋನಿನ ತುಂಬಾ ಹಳದಿ ಎಲೆಗಳು. ಬೆಳಗ್ಗೆ ಕಾಫಿ ಕುಡಿಯುವ ಮೊದಲೇ ನಾಲ್ಕಾರು ಫೋಟೋ ಬಂದು ಕೂತಿರುತ್ತವೆ. ಎಲ್ಲದರಲ್ಲೂ ಒಂದೇ ಒಂದು ಎಲೆ, ಅದರ ಹಿಂದೆ ಒಂದು ಹೆಬ್ಬೆರಳು. ಕೆಳಗೆ ಒಂದು ಸಾಲು: "ಪೈರೆಲ್ಲಾ ಹಳ್ದಿ ಆಗೋಗದೆ ಸಾ, ಏನ್ ಹೊಡೀಲಿ?"

ಯಾವ ಊರು, ಯಾವ ತಳಿ, ನಾಟಿ ಆಗಿ ಎಷ್ಟು ದಿನ, ಗದ್ದೆಯಲ್ಲಿ ನೀರು ಎಷ್ಟಿದೆ, ಯಾವುದೂ ಇರುವುದಿಲ್ಲ. ತಿರುಗಿ ಕೇಳಿದರೆ ಬೇಜಾರು. "ಫೋಟೋದಲ್ಲೇ ಕಾಣ್ತದಲ್ಲ ಸಾ." ನಾನು ಉತ್ತರ ಕೊಡುವುದು ಒಂದು ಗಂಟೆ ತಡವಾದರೆ ಅದೇ ಫೋಟೋ ಊರಿನ ರೈತರ ಗ್ರೂಪಿಗೂ ಗೊಬ್ಬರದಂಗಡಿಯವರ ಗ್ರೂಪಿಗೂ ಹೋಗಿರುತ್ತದೆ. ಅಲ್ಲಿ ತಡ ಅನ್ನುವ ಮಾತೇ ಇಲ್ಲ. ಒಬ್ಬರು ಯೂರಿಯಾ ಎಸೀರಿ ಅಂತಾರೆ, ಇನ್ನೊಬ್ಬರು ಜಿಂಕ್ ಅಂತಾರೆ, ಮತ್ತೊಬ್ಬರು ಯಾವುದೋ ಯೂಟ್ಯೂಬ್ ಲಿಂಕ್ ಹಾಕಿ ಕೈ ಮುಗಿಯುತ್ತಾರೆ. ಸಾಯಂಕಾಲದ ಹೊತ್ತಿಗೆ ಮೂರೂ ಗದ್ದೆಗೆ ಬಿದ್ದಿರುತ್ತವೆ.

ವಾಟ್ಸಾಪ್ ಗ್ರೂಪ್ ಅಂದರೆ ನನಗೆ ಆಗುವುದಿಲ್ಲ ಅಂತ ತಿಳಿಯಬೇಡಿ. ಮಂಡ್ಯ ಜಿಲ್ಲೆಯ ಒಕ್ಕಲುತನ ಈಗ ಅರ್ಧಕ್ಕರ್ಧ ಅಲ್ಲೇ ನಡೆಯುತ್ತಿದೆ. ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತುಂಬಲು, ಅಂದರೆ 124.80 ಅಡಿಗೆ, ಇನ್ನೆಷ್ಟು ಬಾಕಿ, ನಾಲೆಗೆ ನೀರು ಯಾವತ್ತು ಬಿಡ್ತಾರೆ, ನಾಟಿ ಯಂತ್ರ ಯಾರ ಹತ್ತಿರ ಬಾಡಿಗೆಗೆ ಇದೆ, ಆಲೆಮನೆಯಲ್ಲಿ ಬೆಲ್ಲದ ರೇಟು ಏನು, ಎಲ್ಲಾ ಬೆಳಗ್ಗೆ ಏಳೆಂಟು ಗಂಟೆಗೆಲ್ಲಾ ಗೊತ್ತಾಗುತ್ತದೆ. ಮೊದಲು ಇದಕ್ಕೆಲ್ಲಾ ಪೇಟೆಗೆ ಬಸ್ಸು ಹತ್ತಬೇಕಿತ್ತು. ಈ ಸೀಮೆಗೆ ಇಂಥ ಹೊಸತನ ಹೊಸದೂ ಅಲ್ಲ. ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಶುರು ಮಾಡಿದವರು. ಮುಂದೆ ಬಂದ ಕೃಷಿ ಕಾರ್ಯಕ್ರಮಗಳನ್ನು ನಮ್ಮಪ್ಪನ ಕಾಲದವರು ತಪ್ಪದೆ ಕೇಳುತ್ತಿದ್ದರು. ಅಲ್ಲಿ ಒಬ್ಬರು ಹೇಳ್ತಿದ್ರು, ಉಳಿದವರು ಕೇಳ್ತಿದ್ರು. ಈಗ ಎಲ್ಲರೂ ಹೇಳ್ತಾರೆ. ಸುದ್ದಿಯ ವಿಷಯದಲ್ಲಿ ಇದು ಲಾಭವೇ. ರೋಗದ ವಿಷಯದಲ್ಲಿ ಮಾತ್ರ ನಾನು ತಲೆ ಚಚ್ಚಿಕೊಳ್ಳುತ್ತೇನೆ.

ಒಂದೇ ಒಂದು ಮಾತನ್ನು ವರ್ಷಾನುಗಟ್ಟಲೆಯಿಂದ ಹೇಳುತ್ತಿದ್ದೇನೆ. ಇನ್ನೊಂದು ಸಲ ಹೇಳುತ್ತೇನೆ, ಬೇಸರ ಬೇಡ. ಹಳದಿ ಅನ್ನುವುದು ರೋಗದ ಹೆಸರಲ್ಲ. ಜ್ವರ ಬಂದಿದೆ ಅಂದ ಹಾಗೆ ಅದು. ಯಾವ ಜ್ವರ ಅಂತ ಅದರಿಂದಲೇ ಗೊತ್ತಾಗುವುದಿಲ್ಲ.

ಮೊದಲು ನೋಡಬೇಕಾದದ್ದು ಯಾವ ಎಲೆ ಹಳದಿ ಆಯಿತು ಅನ್ನುವುದು. ಕೆಳಗಿನ ಹಳೇ ಎಲೆಯೋ, ಮೇಲಿನ ಹೊಸ ಎಲೆಯೋ? ಸಾರಜನಕ (ಯೂರಿಯಾ ಕೊಡುವುದು ಇದನ್ನೇ) ಕಡಿಮೆ ಬಿದ್ದರೆ ಪೈರು ಹಳೇ ಎಲೆಯಲ್ಲಿರುವುದನ್ನು ಎಳೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ, ಗಂಧಕ ಹಾಗೆ ಸುಲಭವಾಗಿ ಜಾಗ ಬಿಟ್ಟು ಹೋಗುವುದಿಲ್ಲ. ಅವು ಕಡಿಮೆಯಾದರೆ ಹೊಸ ಎಲೆಯೇ ಬಿಳಿಚಿಕೊಂಡು ಬರುತ್ತದೆ. ಪೊಟ್ಯಾಷ್ ಸಾಲದಿದ್ದರೆ ಹಳೇ ಎಲೆಯ ತುದಿ, ಅಂಚು ಸುಟ್ಟಂತೆ ಕಾಣುತ್ತವೆ. ಸತುವಿನ, ಅಂದರೆ ಜಿಂಕಿನ, ಕೊರತೆ ಬೇರೆ ಥರ. ನಾಟಿ ಆದ ಎರಡರಿಂದ ನಾಲ್ಕು ವಾರದೊಳಗೆ ಕೆಳಗಿನ ಎಲೆಗಳ ಮೇಲೆ ತುಕ್ಕು ಹಿಡಿದ ಹಾಗೆ ಕಂದು ಚುಕ್ಕೆ ಬರುತ್ತದೆ, ಗದ್ದೆಯಲ್ಲಿ ಅಲ್ಲಲ್ಲಿ ಪೈರು ಕುಳ್ಳಾಗಿ ನಿಂತುಬಿಡುತ್ತದೆ. ಕಾಂಡ ಕೊರಕ ಹುಳು ಬಿದ್ದಿದ್ದರೆ ನಡುವಿನ ಸುಳಿ ಒಣಗಿರುತ್ತದೆ, ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ತಗ್ಗಿನ ಗದ್ದೆಯಲ್ಲಿ ನೀರು ನಿಂತೂ ನಿಂತೂ ಬೇರು ಕೊಳೆತಿದ್ದರೂ ಎಲೆ ಹಳದಿಯೇ. ಆಗ ಒಂದು ಬುಡ ಕಿತ್ತು ಮೂಗಿನ ಹತ್ತಿರ ಹಿಡಿದರೆ ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತದೆ. ಬೇರು ಬೆಳ್ಳಗಿರುವ ಬದಲು ಕರ್‍ರಗಿರುತ್ತದೆ. ಅದಕ್ಕೆ ಮದ್ದು ಅಂಗಡಿಯಲ್ಲಿಲ್ಲ. ನೀರು ಬಸಿದು ನೆಲಕ್ಕೆ ಗಾಳಿಯಾಡಲು ಬಿಡಬೇಕು, ಖರ್ಚಿಲ್ಲ.

ಎಲ್ಲದಕ್ಕೂ ಫೋಟೋದಲ್ಲಿ ಕಾಣುವುದು ಅದೇ ಹಳದಿ ಎಲೆ. ಕಿತ್ತು ಬೆರಳ ಮೇಲೆ ಇಟ್ಟುಕೊಂಡ ಮೇಲೆ ಅದು ಗಿಡದ ಮೇಲಿಂದ ಬಂತೋ ಕೆಳಗಿಂದ ಬಂತೋ ನನಗೆ ಹೇಗೆ ಗೊತ್ತಾಗಬೇಕು? ವಾಸನೆಯನ್ನಂತೂ ಯಾವ ಫೋನೂ ಕಳಿಸುವುದಿಲ್ಲ. ನಿಜ ಹೇಳಬೇಕೆಂದರೆ ಎದುರಿಗೆ ನಿಂತು ನೋಡಿದರೂ ಕೆಲವು ಸಲ ಖಚಿತವಾಗಿ ಹೇಳಲು ಆಗುವುದಿಲ್ಲ. ಎರಡು ಕೊರತೆ ಒಟ್ಟಿಗೇ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ ಅನ್ನಬೇಕಾಗುತ್ತದೆ.

ಬಣ್ಣವನ್ನಾದರೂ ಫೋನು ಸರಿಯಾಗಿ ತೋರಿಸುತ್ತಾ? ಅದೂ ಇಲ್ಲ. ಸಂಜೆ ಬಿಸಿಲಿನಲ್ಲಿ ತೆಗೆದರೆ ಚೆನ್ನಾಗಿರುವ ಪೈರೂ ಅರಿಸಿನ ಬಳಿದ ಹಾಗೆ ಕಾಣುತ್ತದೆ. ಕೆಲವು ಫೋನುಗಳು ಹಸಿರನ್ನು ತಾವೇ ಜಾಸ್ತಿ ಮಾಡುತ್ತವೆ. ಸಾರಜನಕ ಬೇಕೋ ಬೇಡವೋ ನೋಡಲು ಎಲೆ ಬಣ್ಣದ ಪಟ್ಟಿ ಅಂತ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ. ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ಅದರಲ್ಲಿ ಮನೆಗಳಿರುತ್ತವೆ. ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ಕೀಳದೆ ಅದರ ಮೇಲಿಟ್ಟು ಹೋಲಿಸಬೇಕು. ಹೋಲಿಸುವಾಗ ಬಿಸಿಲಿಗೆ ಬೆನ್ನು ಮಾಡಿ, ನಮ್ಮ ಮೈ ನೆರಳು ಎಲೆಯ ಮೇಲೆ ಬೀಳುವಂತೆ ನಿಲ್ಲಬೇಕು. ಕಣ್ಣಿಗೇ ಇಷ್ಟು ಕಟ್ಟುನಿಟ್ಟು ಇರುವಾಗ, ನಾಲ್ಕು ಗ್ರೂಪ್ ಸುತ್ತಿ ಬಂದ ಮಂಜು ಮಂಜು ಫೋಟೋ ನೋಡಿ ಯೂರಿಯಾ ಅಂದುಬಿಡುವುದು ಯಾವ ಧೈರ್ಯ?

ಇದಕ್ಕೆಲ್ಲಾ ರೈತರನ್ನೇ ಬೈಯುವುದೂ ಸರಿಯಲ್ಲ. ಈಗ ಗದ್ದೆ ಹೇಗೆ ನಡೆಯುತ್ತಿದೆ ನೋಡಿ. ಅಪ್ಪನಿಗೆ ಅರವತ್ತೈದು, ಊರಿನಲ್ಲಿ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿ. ಅಪ್ಪ ಎಲೆ ಕಿತ್ತು ಫೋಟೋ ಕಳಿಸುತ್ತಾರೆ. ಮಗ ಆಫೀಸಿನಲ್ಲಿ ಊಟದ ಹೊತ್ತಿಗೆ ಯೂಟ್ಯೂಬ್ ನೋಡುತ್ತಾನೆ, ಅಂಗಡಿಯವರಿಗೆ ಫೋನ್‌ಪೇ ಮಾಡುತ್ತಾನೆ. ಅಂಗಡಿ ಹುಡುಗ ಡಬ್ಬ ತಂದು ಮನೆ ಜಗುಲಿ ಮೇಲೆ ಇಡುತ್ತಾನೆ. ಮಗನಿಗೆ ಅಪ್ಪನ ಮೇಲೆ ಎಷ್ಟು ಅಕ್ಕರೆ, ಎಷ್ಟು ಮುತುವರ್ಜಿ! ಆದರೆ ಇಷ್ಟು ಜನರಲ್ಲಿ ಗದ್ದೆಗಿಳಿದು, ಬಗ್ಗಿ, ಬುಡ ಬಿಡಿಸಿ ನೋಡಿದವರು ಯಾರೂ ಇಲ್ಲ. ಅಪ್ಪನಿಗೆ ಮಂಡಿನೋವು. ಮಗನಿಗೆ ಸ್ಕ್ರೀನು. ಅಂಗಡಿಯವರಿಗೆ ವ್ಯಾಪಾರ, ಅದನ್ನು ತಪ್ಪು ಅನ್ನಲಾರೆ.

ಬಗ್ಗಿ ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪೈರಿನ ರಸ ಹೀರುವ ಕಂದು ಜಿಗಿಹುಳುವಿಗಿಂತ ಬೇರೆ ಸಾಕ್ಷಿ ಬೇಡ. ಅದು ಕೂರುವುದು ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ. ಮೇಲಿಂದ ನೋಡಿದರೆ ಕಾಣುವುದು ಹಳದಿ ತಿರುಗಿದ ಪೈರು ಮಾತ್ರ. ಯಾರೋ ಹುಳಕ್ಕೆ ಸಿಂಥೆಟಿಕ್ ಪೈರೆಥ್ರಾಯ್ಡ್ ಅನ್ನುವ ಜಾತಿಯ ಕೀಟನಾಶಕ ಹೊಡಿ ಅಂತಾರೆ. ಅದು ಮೇಲ್ಗಡೆ ಓಡಾಡುವ ಜೇಡ, ಜಿಗಿಹುಳುವಿನ ಮೊಟ್ಟೆ ತಿನ್ನುವ ತಿಗಣೆ, ಹೀಗೆ ನಮ್ಮ ಕಡೆಯ ಸೈನ್ಯವನ್ನೆಲ್ಲಾ ಮುಗಿಸುತ್ತದೆ. ಬುಡದಲ್ಲಿದ್ದ ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗುತ್ತದೆ. ಗದ್ದೆಯ ನಡುವೆ ದುಂಡಗೆ ಸುಟ್ಟ ಹಾಗೆ ಕಾಣುವ ಹೊತ್ತಿಗೆ ವಿಡಿಯೋ ಮಾಡಿದವರು ಮುಂದಿನ ವಿಡಿಯೋಗೆ ಹೋಗಿರುತ್ತಾರೆ.

ಆ ವಿಡಿಯೋಗಳ ಬಗ್ಗೆಯೂ ಒಂದು ಮಾತು. ಅವರೆಲ್ಲಾ ಸುಳ್ಳು ಹೇಳುತ್ತಾರೆ ಅಂತಲ್ಲ. ಗೋದಾವರಿ ಬಯಲಿನ ಜಿಗುಟು ಕಪ್ಪು ಮಣ್ಣಿನಲ್ಲಿ ನಿಂತು ಒಬ್ಬರು ಹೇಳಿದ ಲೆಕ್ಕ ಅವರ ಮಣ್ಣಿಗೆ ಸರಿಯೇ ಇರಬಹುದು. ನಮ್ಮ ನಾಗಮಂಗಲದ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ನೀರೂ ಗೊಬ್ಬರವೂ ಬೇಗ ಕೆಳಗಿಳಿದು ಹೋಗುತ್ತವೆ, ಅದು ಅವರಿಗೆ ಗೊತ್ತಿಲ್ಲ. ಇನ್ನೊಂದು, ಗೆದ್ದ ಬೆಳೆಯ ಮುಂದೆ ನಿಂತು ವಿಡಿಯೋ ಮಾಡುತ್ತಾರೆ. ಅದೇ ಔಷಧಿ ಹೊಡೆದು ಕೈ ಸುಟ್ಟುಕೊಂಡವರು ವಿಡಿಯೋ ಹಾಕುವುದಿಲ್ಲ. ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತು ಇರುವ ಮೆಸೇಜ್ ನೋಡಿರುತ್ತೀರಿ. ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಆಗುವಂತೆ ಕಂಪನಿಯವರೇ ಕಡಿವಾಣ ಹಾಕಿದ್ದಾರೆ. ನಮ್ಮ ಜನ ಜೋಡಿ ಬಾಣ ನೋಡಿದರೆ 'ಬಹಳ ಜನ ಒಪ್ಪಿದ್ದಾರೆ' ಅಂದುಕೊಳ್ಳುತ್ತಾರೆ.

ಫೋಟೋ ಕಳಿಸಲೇಬೇಡಿ ಅನ್ನುವುದಿಲ್ಲ. ಎಲೆ ಕೀಳದೆ ತೆಗೆಯಿರಿ. ಬದುವಿನ ಮೇಲೆ ನಿಂತು ಇಡೀ ಗದ್ದೆಯದೊಂದು, ಒಂದು ಬುಡ ಪೂರ್ತಿ ಕಾಣುವಂತೆ ಇನ್ನೊಂದು, ಕಿತ್ತು ತೊಳೆದ ಬೇರಿನದು ಮತ್ತೊಂದು. ಹಳದಿ ಗದ್ದೆ ತುಂಬಾ ಇದೆಯೋ, ತೂಬಿನ ಹತ್ತಿರ ಮಾತ್ರವೋ, ತೆವರಿನ ಪಕ್ಕವೋ, ಅದನ್ನು ಬಾಯಲ್ಲೇ ಹೇಳಿ. ಈಗಾಗಲೇ ಏನೇನು ಹಾಕಿದ್ದೀರಿ ಅದನ್ನೂ ಹೇಳಿ. ಬೈಸಿಕೊಳ್ಳಬೇಕಾಗುತ್ತೆ ಅಂತ ಮುಚ್ಚಿಡಬೇಡಿ. ಅದಕ್ಕಿಂತ ಒಳ್ಳೆಯದು ಮಂಡ್ಯದಲ್ಲಿ ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂಗೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಬೇರು ಸಮೇತ ನಾಲ್ಕು ಬುಡ ಒಯ್ಯುವುದು. ಕಾಯಿಲೆ ಬಿದ್ದದ್ದೆರಡು, ಚೆನ್ನಾಗಿರುವುದೆರಡು, ಒದ್ದೆ ಪೇಪರಿನಲ್ಲಿ ಸುತ್ತಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ. ಅವರೂ ನಿಮ್ಮನ್ನು ಇದೇ ಪ್ರಶ್ನೆ ಕೇಳುತ್ತಾರೆ, ಸಿಟ್ಟಾಗಬೇಡಿ.

ಪಾಂಡವಪುರ ಕಡೆಯ ಒಬ್ಬ ಗೌಡರು ಹೋದ ಮಳೆಗಾಲದಲ್ಲಿ ಇದೇ ಹಳದಿ ಫೋಟೋ ಗ್ರೂಪಿಗೆ ಹಾಕಿದ್ದರು. ಹತ್ತಾರು ಜನ ಯೂರಿಯಾ ಅಂದಿದ್ದರು. ಇವರು ಹಾಕಿದ್ದರು. ಎರಡು ದಿನ ಹಸಿರಾದಂತೆ ಕಂಡು ಆಮೇಲೆ ಹಳದಿ ಗದ್ದೆ ತುಂಬಾ ಹಬ್ಬಿತು. ನಾನು ಹೋದಾಗ ಎಲೆಗಳ ಅಂಚು ತುದಿಯಿಂದ ಕೆಳಗೆ ಅಲೆ ಅಲೆಯಾಗಿ ಒಣಗಿ ಹುಲ್ಲಿನ ಬಣ್ಣಕ್ಕೆ ಬಂದಿತ್ತು. ಗೌಡರ ಮನೆಯಿಂದ ಒಂದು ಗಾಜಿನ ಲೋಟದಲ್ಲಿ ತಿಳಿನೀರು ತರಿಸಿದೆ. ಒಣಗಿದ ಭಾಗ, ಹಸಿರು ಭಾಗ ಕೂಡುವ ಜಾಗದಲ್ಲಿ ಎಲೆ ಕತ್ತರಿಸಿ ನೀರಿಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂಥದ್ದು ಸಣ್ಣಗೆ ಕೆಳಗಿಳಿಯತೊಡಗಿತು. ದುಂಡಾಣು ಅಂಗಮಾರಿ, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ರೋಗ. ಸಾರಜನಕ ಕೊಟ್ಟಷ್ಟೂ ಹೆಚ್ಚುವ ರೋಗ. ಗೌಡರು ಲೋಟ ಮೇಲೆತ್ತಿ ಬಿಸಿಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದ ಮೊದ್ಲೇ ಯಾರೂ ತೋರಿಸ್ಲಿಲ್ವಲ್ಲ ಸಾ."

ಯೂರಿಯಾ ನಿಲ್ಲಿಸಿ, ನೀರು ಬಸೀರಿ, ಆದರೆ ನಿಮ್ಮ ಗದ್ದೆ ನೀರು ಕೆಳಗಿನವರ ಗದ್ದೆಗೆ ಹೋಗದ ಹಾಗೆ ಬಸಿಗಾಲುವೆಗೆ ತಿರುಗಿಸಿ ಅಂದೆ. ನಮ್ಮಲ್ಲಿ ನೀರು ಹಾಯುವುದು ಗದ್ದೆಯಿಂದ ಗದ್ದೆಗೆ, ರೋಗವೂ ಹಾಗೇ ಹಾಯುತ್ತದೆ. "ಇದನ್ನು ಗ್ರೂಪಿಗೆ ಹಾಕಿ ಗೌಡ್ರೇ, ಕೆಳಗಡೆಯವರು ಎಚ್ಚರ ಆಗ್ತಾರೆ." ಗೌಡರು ಒಪ್ಪಲಿಲ್ಲ. ಮರ್ವಾದೆ ಪ್ರಶ್ನೆ. ಕೊನೆಗೆ ಇಬ್ಬರೂ ಬದು ಮೇಲೆ ನಡೆದು ಕೆಳಗಿನ ಗದ್ದೆಯವರ ಹತ್ತಿರ ಹೋದೆವು. ಅವರು ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತರು.

"ಅಯ್ಯೋ, ನಾನಾಗ್ಲೇ ನೋಡಿವ್ನಿ ಕಣಣ್ಣ, ಇದು ಯೂರಿಯಾ ಕಾಯಿಲೆ ಅಲ್ಲ ಅಂತ ಆಗ್ಲೇ ಅನ್ನಿಸ್ತು."

"ಮತ್ಯಾಕ್ಲಾ ಹೇಳ್ಲಿಲ್ಲ?"

"ಗ್ರೂಪ್‌ನಾಗೆ ಅಷ್ಟು ಜನ ಹೇಳ್ತಾವ್ರೆ, ಮಧ್ಯದಲ್ಲಿ ನಂದೇನು ಅಂತ ಸುಮ್ನಾದೆ."